ಡೊಂಬಿವಲಿಯಿಂದ ಪರೇಲ್‌ವರೆಗೆ ಜೊತೆಗಿದ್ದವರಿಗೆ

ಕಳೆದ ವಾರ ಮುಂಬಯಿಯ ಪರೇಲ್‌ನ ಆಸ್ಪತ್ರೆಯಲ್ಲಿ ನನ್ನ ಕೊನೆಯ ವಿಸಿಟ್ ಮುಗಿಯಿತು. ಉಳಿದ ಮಾತ್ರೆಗಳನ್ನು ಎಣಿಸಿ ವಾಪಸ್ ತೆಗೆದುಕೊಂಡರು, ಡೈರಿ ತುಂಬಲು ಕೊಟ್ಟಿದ್ದ ಫೋನನ್ನು ಹಿಂದಿರುಗಿಸಿದೆ, ರಕ್ತ ಕೊಟ್ಟೆ, ಸಹಿ ಹಾಕಿದೆ. ಮುಟ್ಟು ನಿಲ್ಲುವ ಕಾಲಕ್ಕೆ ಹೆಂಗಸರಿಗೆ ಹೊತ್ತುಗೊತ್ತಿಲ್ಲದೆ ಮೈ ಕಾದು ಬೆವರು ಸುರಿಯುತ್ತದಲ್ಲ, ಡಾಕ್ಟರುಗಳು ಹಾಟ್ ಫ್ಲಶ್ ಎನ್ನುವುದು, ಅದಕ್ಕೆಂದು ಬಂದಿರುವ ಹಾರ್ಮೋನ್ ಅಲ್ಲದ ಮಾತ್ರೆಯೊಂದರ ಕ್ಲಿನಿಕಲ್ ಟ್ರಯಲ್‌ನಲ್ಲಿ ನಾನಿದ್ದೆ. ಇಷ್ಟು ಬಿಚ್ಚಿ ಬರೆದಿದ್ದಕ್ಕೆ ನಮ್ಮವರಲ್ಲೇ ಕೆಲವರಿಗೆ ಮುಜುಗರವಾಗಬಹುದು. ಆಗಲಿ. ಉಪಕಾರ ಮಾಡಿದವರು ಬಹಳ ಜನ, ಅವರಿಗೆ ಮೂಲೆಯಲ್ಲಿ ನಿಂತು ಥ್ಯಾಂಕ್ಸ್ ಹೇಳುವುದು ನನಗೆ ಸರಿ ಕಾಣಲಿಲ್ಲ.

ಈಗ ಹೇಗಿದ್ದೀರಿ ಎಂದು ಎಲ್ಲರೂ ಕೇಳುತ್ತಿದ್ದಾರೆ. ನಿದ್ದೆ ಬರುತ್ತಿದೆ. ನಡುರಾತ್ರಿ ಎದ್ದು ನೈಟಿ ಬದಲಿಸಿ, ಒದ್ದೆ ದಿಂಬು ಮಗುಚಿ ಹಾಕಿ, ಬಾಲ್ಕನಿಯಲ್ಲಿ ನಿಲ್ಲುವ ಕಾರುಬಾರು ಬಹುಮಟ್ಟಿಗೆ ನಿಂತಿದೆ. ಇದು ಮಾತ್ರೆಯ ಗುಣವೇ ಎಂದು ಕೇಳಿದರೆ ಹೇಳಲಾರೆ. ನನಗೆ ಕೊಟ್ಟದ್ದು ಔಷಧವೋ, ನೋಡಲು ಹಾಗೇ ಇರುವ ಬರೀ ಹಿಟ್ಟಿನ ಮಾತ್ರೆಯೋ ನನಗೆ ಗೊತ್ತಿಲ್ಲ, ನನ್ನನ್ನು ನೋಡುತ್ತಿದ್ದ ಡಾಕ್ಟರಿಗೂ ಗೊತ್ತಿಲ್ಲ. ಎಲ್ಲರ ಲೆಕ್ಕ ಒಟ್ಟಾಗಿ ಸೇರಿ, ಇನ್ನು ತಿದ್ದಲಾಗದಂತೆ ಬೀಗ ಬಿದ್ದ ಮೇಲಷ್ಟೇ ಆ ಗುಟ್ಟು ಬಯಲಾಗುವುದು. ಈ ತೊಂದರೆಯ ಟ್ರಯಲ್‌ಗಳಲ್ಲಿ ಹಿಟ್ಟಿನ ಮಾತ್ರೆ ನುಂಗಿದವರಿಗೂ ಮೂರರಲ್ಲೊಂದು ಪಾಲೋ ಇನ್ನೂ ಹೆಚ್ಚೋ ಕಡಿಮೆಯಾಗುವುದು ಹೊಸ ಸಂಗತಿಯೇನಲ್ಲ. ನನ್ನ ತಂಗಿ, "ಹಿಟ್ಟು ನುಂಗಲಿಕ್ಕೆ ಅಷ್ಟು ದೂರ ಹೋದೆಯಾ ಅಕ್ಕಾ?" ಎಂದು ನಕ್ಕಳು. ಯಾರಾದರೂ ಹಿಟ್ಟು ನುಂಗದಿದ್ದರೆ ಔಷಧಕ್ಕೆ ಗುಣವಿದೆಯೆಂದು ತಿಳಿಯುವುದು ಹೇಗೆ? ಆ ಪಾಲು ನನಗೆ ಬಂದಿದ್ದರೂ ನನಗೇನೂ ಬೇಸರವಿಲ್ಲ. ಅದಕ್ಕೇ ಇಲ್ಲಿ ಮಾತ್ರೆಗೆ ಶಿಫಾರಸು ಇಲ್ಲ, ಮನುಷ್ಯರಿಗೆ ನಮಸ್ಕಾರ ಮಾತ್ರ.

ಮೊದಲನೆಯದು ಟ್ರಯಲ್ ಬಗ್ಗೆ ನನಗೆ ಹೇಳಿದ ಲೇಡಿ ಡಾಕ್ಟರಿಗೆ. ಅದಕ್ಕೂ ಮೊದಲು ಬೇರೆ ಒಂದು ಕಡೆ ತೋರಿಸಿದ್ದೆ. "ವಯಸ್ಸಾಯಿತಲ್ಲಮ್ಮ, ಎಸಿ ಹಾಕಿಸಿಕೊಳ್ಳಿ" ಎಂದು ಚೀಟಿಯನ್ನೂ ಬರೆಯದೆ ಕಳಿಸಿದ್ದರು. ಇವರು ಕೂರಿಸಿ ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಸಲ ಬರುತ್ತದೆ?" ಎಣಿಸಬಹುದಾದ ಸಂಗತಿ ಎಂದೇ ನನಗೆ ಹೊಳೆದಿರಲಿಲ್ಲ. ಎರಡು ವರ್ಷದಲ್ಲಿ ತಾನೇ ಹೋಗುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಸ್ವಾನ್ ಎಂಬ ಅಧ್ಯಯನದಲ್ಲಿ, ಇದು ಮೇಲಿಂದ ಮೇಲೆ ಬರುವವರಲ್ಲಿ ಅರ್ಧದಷ್ಟು ಜನರಿಗೆ 7.4 ವರ್ಷಕ್ಕಿಂತ ಹೆಚ್ಚು ಕಾಲ ಇರುತ್ತದೆ ಎಂದು 2015ರಲ್ಲೇ ಪ್ರಕಟವಾಗಿದೆಯೆಂದು ಇವರು ಹೇಳಿದರು. ಕೇಳಿ ಹೆದರಿದೆ, ನಿಜ. ಆದರೂ ನಾನು ಅತಿ ಮಾಡುತ್ತಿಲ್ಲ ಎಂಬ ಸಮಾಧಾನ ಆ ಹೆದರಿಕೆಗಿಂತ ದೊಡ್ಡದಿತ್ತು.

ಹಾರ್ಮೋನ್ ಚಿಕಿತ್ಸೆಯೇ ಇವತ್ತಿಗೂ ಎಲ್ಲಕ್ಕಿಂತ ಪರಿಣಾಮಕಾರಿ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ನಮ್ಮ ದೊಡ್ಡಕ್ಕನಿಗೆ ಸ್ತನ ಕ್ಯಾನ್ಸರ್ ಆಗಿದ್ದರಿಂದ ನಾನೇ ಹಿಂಜರಿದೆ. ಆಗ ಟ್ರಯಲ್ ಮಾತು ಬಂತು. ಚೀಟಿಯ ಹಿಂಬದಿಯಲ್ಲಿ ಮಿದುಳಿನ ಚಿತ್ರ ಬರೆದರು. ಹೈಪೊಥಲಾಮಸ್ ಎಂಬ ಭಾಗದಲ್ಲಿ ಒಂದು ಗುಂಪಿನ ನರಕೋಶಗಳಿವೆಯಂತೆ, ಅವರು ಅದನ್ನು 'ಕ್ಯಾಂಡಿ' ಎಂದರು. ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಇರುವಷ್ಟು ದಿನ ಹತೋಟಿಯಲ್ಲಿದ್ದು, ಅದು ಇಳಿದಾಗ ಟೀಚರ್ ಹೊರಗೆ ಹೋದ ಕ್ಲಾಸಿನ ಹಾಗೆ ಗದ್ದಲ ಎಬ್ಬಿಸುತ್ತವೆ. ಪಕ್ಕದಲ್ಲೇ ಇರುವ ಮೈಯ ತಾಪ ನೋಡಿಕೊಳ್ಳುವ ಕೇಂದ್ರಕ್ಕೆ ದಿಕ್ಕು ತಪ್ಪುತ್ತದೆ, ಮೈ ಕಾದಿದೆ ಎಂದುಕೊಂಡು ಬೆವರು ಹರಿಸಿಬಿಡುತ್ತದೆ. ಆ ಕೋಶಗಳು ಬಳಸುವ ನ್ಯೂರೋಕೈನಿನ್ ಬಿ ಎಂಬ ಸಂದೇಶಕ್ಕೆ ಬಾಗಿಲು ಮುಚ್ಚುವುದು ಈ ಬಗೆಯ ಮಾತ್ರೆಗಳ ಕೆಲಸ. ಇವುಗಳಲ್ಲಿ ಮೊದಲನೆಯದಾದ ಫೆಜೋಲಿನೆಟ್ಯಾಂಟ್‌ಗೆ ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. ಮುಂದಿನ ವರ್ಷವೇ ಲಿವರ್ ಬಗ್ಗೆ ದೊಡ್ಡ ಎಚ್ಚರಿಕೆಯನ್ನೂ ಅದಕ್ಕೆ ಸೇರಿಸಿದರು. ನನ್ನ ರಕ್ತ ಅಷ್ಟು ಸಲ ತೆಗೆದದ್ದು ಏಕೆ ಎಂದು ಆಗ ಅರ್ಥವಾಯಿತು.

ಈ ಕೋಶಗಳ ಸುಳಿವು ಸಿಕ್ಕಿದ್ದು 1990ರ ಸುಮಾರಿಗೆ, ಅರಿಜೋನಾದ ನೇಯೋಮಿ ರಾನ್ಸ್ ಎಂಬ ವಿಜ್ಞಾನಿಗೆ. ತೀರಿಹೋದ ಹೆಂಗಸರ ಮಿದುಳನ್ನು ಪರೀಕ್ಷಿಸುತ್ತಿದ್ದಾಗ, ಮುಟ್ಟು ನಿಂತವರಲ್ಲಿ ಈ ಕೋಶಗಳು ದಪ್ಪಗಾಗಿರುವುದನ್ನು ಅವರು ಗುರುತಿಸಿದರು. ಆ ಹೆಂಗಸರು ಯಾರೋ ಏನೋ. ಅವರಿಗೂ ನನ್ನದೊಂದು ನಮಸ್ಕಾರ ಸಲ್ಲಲಿ.

ಟ್ರಯಲ್‌ಗೆ ಸೇರುವ ಒಪ್ಪಿಗೆ ಪತ್ರದ ವಿಷಯದಲ್ಲಿ ನಮ್ಮ ಯಜಮಾನರನ್ನು ನೆನೆಯದೆ ಇರಲಾಗದು. ಬ್ಯಾಂಕಿನಲ್ಲಿ ಸಾಲದ ಕಾಗದ ನೋಡಿ ನೋಡಿ ನಿವೃತ್ತರಾದ ಮನುಷ್ಯ. ಅಷ್ಟು ಪುಟಗಳ ಪತ್ರವನ್ನು ಮನೆಗೆ ತಂದು, ಪೆನ್ಸಿಲ್ ಹಿಡಿದು ಕೂತು, ಮಾರ್ಜಿನ್ ತುಂಬ ಪ್ರಶ್ನೆ ಬರೆದರು. ಏನಾದರೂ ಹೆಚ್ಚುಕಡಿಮೆಯಾದರೆ ಚಿಕಿತ್ಸೆಯ ಖರ್ಚು ಯಾರದು? ನಡುವೆ ಬಿಟ್ಟರೆ ಕಾರಣ ಕೊಡಬೇಕೆ? ಎಲ್ಲಕ್ಕೂ ಉತ್ತರ ಸಿಕ್ಕಿತು. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಉಂಟು, ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಇದೆಲ್ಲ ಇದೆ. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆಯವರು ಟ್ರಯಲ್‌ಗಳ ಅವ್ಯವಸ್ಥೆಯ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿ, 2013ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕಿವಿ ಹಿಂಡದಿದ್ದರೆ ನಿಯಮಗಳು ಇಷ್ಟು ಬಿಗಿಯಾಗುತ್ತಿದ್ದವೋ ಇಲ್ಲವೋ. ಹಾಗಾಗಿ ಅವರಿಗೂ ನಾನು ಋಣಿ. ಇನ್ನು ಟ್ರಯಲ್‌ಗೆ ಸೇರಿದವರ ಹಿತ ಕಾಯಲು ಇರುವ ಎಥಿಕ್ಸ್ ಕಮಿಟಿ. ಅದರಲ್ಲಿ ಡಾಕ್ಟರುಗಳ ಜೊತೆಗೆ ಕಾನೂನು ಬಲ್ಲವರು, ಒಬ್ಬ ಹೆಂಗಸು, ನಮ್ಮ ನಿಮ್ಮಂಥ ಒಬ್ಬ ಸಾಮಾನ್ಯ ಮನುಷ್ಯ ಇರಲೇಬೇಕು, ಕನಿಷ್ಠ ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸಂಬಂಧಪಟ್ಟವರಾಗಿರಬಾರದು. ನನ್ನ ರೈಲು, ರಿಕ್ಷಾ ಖರ್ಚು ಸಿಕ್ಕಿದ್ದರ ಹಿಂದೆ ಆ ಸಾಮಾನ್ಯ ಮನುಷ್ಯನೇ ಇರಬೇಕು ಎಂದು ನನ್ನ ಊಹೆ.

ಟ್ರಯಲ್‌ನ ಕೋಆರ್ಡಿನೇಟರ್ ಸಾತಾರಾ ಕಡೆಯ ಹುಡುಗಿ. ಮೊದಲು ಮ್ಯಾಡಮ್ ಎನ್ನುತ್ತಿದ್ದವಳು ಬರಬರುತ್ತ ಕಾಕೂ, ಅಂದರೆ ಚಿಕ್ಕಮ್ಮ, ಎನ್ನತೊಡಗಿದಳು. ಇಂಥ ಟ್ರಯಲ್‌ಗಳಿಗೆ ಸೇರಿಸಿಕೊಳ್ಳಲು ಸಾಮಾನ್ಯವಾಗಿ ದಿನಕ್ಕೆ 7 ಸಲವಾದರೂ ಮಧ್ಯಮ ಇಲ್ಲವೇ ತೀವ್ರ ಹಾಟ್ ಫ್ಲಶ್ ಬರಬೇಕು. ನಾನು ಕೇಳಿದೆ, ಮುಂಬಯಿಯ ಮೇ ತಿಂಗಳ ಸೆಕೆ ಯಾವುದು, ಇದು ಯಾವುದು ಅಂತ ಹೇಗೆ ಹೇಳುವುದು ಮಾರಾಯ್ತಿ? ಅವಳು ಸೊಗಸಾಗಿ ಹೇಳಿಕೊಟ್ಟಳು: ಊರಿನ ಸೆಕೆ ಎದೆಯಿಂದ ಎದ್ದು ಕುತ್ತಿಗೆ, ಮುಖಕ್ಕೆ ಏರಿ ನಾಲ್ಕು ನಿಮಿಷದಲ್ಲಿ ಇಳಿದು ಚಳಿ ಹುಟ್ಟಿಸುವುದಿಲ್ಲ. ಬಿಸಿ ಮಾತ್ರ, ಬೆವರಿಲ್ಲ ಎಂದರೆ ಸೌಮ್ಯ. ಬೆವರಿದರೂ ಕೆಲಸ ಮುಂದುವರಿಸಿದರೆ ಮಧ್ಯಮ. ಕೆಲಸ ನಿಲ್ಲಿಸಬೇಕಾದರೆ ತೀವ್ರ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡುವ ನನಗೆ ಇದು ಸುಲಭವಾಯಿತು. ಚಾಕ್‌ಪೀಸ್ ಕೈಯಲ್ಲೇ ಇದ್ದರೆ ಮಧ್ಯಮ, ಮೇಜಿನ ಮೇಲಿಟ್ಟರೆ ತೀವ್ರ. ರಾತ್ರಿ ಡೈರಿ ತುಂಬದಿದ್ದರೆ ಈ ಹುಡುಗಿ ಫೋನ್ ಮಾಡುತ್ತಿದ್ದಳು. ಬೈಯುತ್ತಿರಲಿಲ್ಲ, ಆದರೆ ತುಂಬುವವರೆಗೆ ಫೋನ್ ಇಡುತ್ತಲೂ ಇರಲಿಲ್ಲ.

ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನ ಲೇಡೀಸ್ ಡಬ್ಬದ ನನ್ನ ಗೆಳತಿಯರೇ, ಸೀಟಿಗಾಗಿ ಜಡೆ ಹಿಡಿದು ಜಗಳವಾಡುವ ಜಾಗದಲ್ಲಿ ನೀವು ನನಗೆ ಕಿಟಕಿ ಬಿಟ್ಟುಕೊಟ್ಟಿರಿ. ನಿಮ್ಮ ಮೇಲೆ ಪ್ರಯೋಗ ಮಾಡುತ್ತಾರೆ, ಇಲಿ ಮಾಡುತ್ತಾರೆ ಎಂದು ಬೈದದ್ದೂ ನೀವೇ, ಮುಂದಿನ ವಾರ "ನನ್ನನ್ನೂ ಸೇರಿಸಿಕೊಳ್ಳುತ್ತಾರಾ?" ಎಂದು ಕಿವಿಯಲ್ಲಿ ಕೇಳಿದ್ದೂ ನೀವೇ.

ಅತ್ತೆಯವರದು ಬೇರೆಯೇ ಕತೆ. ಟ್ರಯಲ್ ಶುರುವಾಗುವ ಮುಂಚೆ ಬೇರೆಲ್ಲ ಮದ್ದು ನಿಲ್ಲಿಸಬೇಕಿತ್ತು. ಅವರೇ ಪ್ರೀತಿಯಿಂದ ತರಿಸಿಕೊಡುತ್ತಿದ್ದ ಶತಾವರಿ ಕಲ್ಪವೂ ಅದರಲ್ಲಿ ಬಂತು. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಡಬ್ಬವನ್ನು ತಾವೇ ಕಪಾಟಿಗೆ ಸೇರಿಸಿ, ಬದಲಿಗೆ ದಿನಾ ಪುನರ್ಪುಳಿ ಶರಬತ್ತು ಮಾಡಿಟ್ಟರು. ಅದಕ್ಕೆ ಅಡ್ಡಿಯಿಲ್ಲ ಎಂದು ಡಾಕ್ಟರನ್ನು ನನ್ನಿಂದಲೇ ಕೇಳಿಸಿದ ಮೇಲೆ. ಒಂದು ದಿನ ಸೊಪ್ಪು ಸೋಸುತ್ತ ಹೇಳಿದರು, ಉಡುಪಿ ಕಡೆಯ ಮನೆಯಲ್ಲಿ ತಾವು ಎರಡು ಮಳೆಗಾಲ ಜಗಲಿಯಲ್ಲೇ ಮಲಗಿದ್ದು ಇದಕ್ಕೇ ಎಂದು. ಮನೆಯವರು ಸೊಸೆಗೆ ಏನೋ ಸೋಂಕಿದೆ ಎಂದುಕೊಂಡಿದ್ದರಂತೆ. ಅಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದೂ ನನಗೆ ಈ ಸಂಗತಿ ಗೊತ್ತಿರಲಿಲ್ಲ.

ಸೇರಬೇಕೆಂದಿರುವವರಿಗೆ ನನ್ನ ಅನುಭವದಲ್ಲಿ ಒಂದೇ ಮಾತು: ಕೇಳಿ. ದೇಶದ ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿಯಾದ ಸಿಟಿಆರ್‌ಐಯ ನೋಂದಣಿ ಸಂಖ್ಯೆ ಕೇಳಿ, 2009ರ ಜೂನ್‌ನಿಂದ ನಮ್ಮ ದೇಶದಲ್ಲಿ ಅದು ಕಡ್ಡಾಯ. ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಕೇಳಿ, ಸಹಿ ಮಾಡಿದ ಪತ್ರದ ಪ್ರತಿ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಚಪ್ಪಲಿ ಮೆಟ್ಟಿ ಬಂದುಬಿಡಿ.

ಕೊನೆಗೆ ನಮ್ಮ ಶಾಲೆ. ನನ್ನ ಮುಖ ಕೆಂಪೇರಿದ್ದು ಕಂಡೊಡನೆ ಹೇಳಿಸಿಕೊಳ್ಳದೆ ಫ್ಯಾನನ್ನು ಐದಕ್ಕೆ ತಿರುಗಿಸುತ್ತಿದ್ದ ಆರನೇ ಕ್ಲಾಸಿನ ಹಿಂದಿನ ಬೆಂಚಿನ ಮಕ್ಕಳೇ, ನಿಮ್ಮ ಗಲಾಟೆಯನ್ನೆಲ್ಲ ಮನ್ನಿಸಿದ್ದೇನೆ. ಪರೇಲ್‌ಗೆ ಹೋದ ದಿನಗಳಲ್ಲೆಲ್ಲ ನನ್ನ ಕ್ಲಾಸು ನೋಡಿಕೊಂಡ ಸಹೋದ್ಯೋಗಿಗೆ ಬಾಯಿಮಾತಿನ ಥ್ಯಾಂಕ್ಸ್ ಸಾಲದು. ಬಾಕಿ ಪೀರಿಯಡ್‌ಗಳನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ, ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ತೀರಿಸುತ್ತೇನೆ. ಏಳನೇ ಕ್ಲಾಸಿನ ಗಣಿತ ಮಾತ್ರ ಕೊಡಬೇಡಿ ಮೇಡಂ.