ಕಚೇರಿ ಗೋಡೆಯ ಚಿತ್ರಗಳಲ್ಲಿ ಲೇನ್‌ಗಳನ್ನು ಇಲಾಖೆವಾರು ಗುಂಪು ಮಾಡಬೇಕು

ಮಾನ್ಯ ಸಂಪಾದಕರೇ,

ಅರ್ಜಿಯೊಂದು ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂಬುದನ್ನು ಚಿತ್ರದಲ್ಲಿ ತೋರಿಸುವ ಫ್ಲೆಕ್ಸ್‌ಗಳನ್ನು ಕೆಲವು ಸರ್ಕಾರಿ ಕಚೇರಿಗಳು ಗೋಡೆಗೆ ಹಾಕುತ್ತಿವೆ. ಶಿರಸಿಯಲ್ಲಿ ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ ನಡೆಸುವ ನಾನು ಅಂಥವುಗಳಲ್ಲಿ ಕೆಲವನ್ನು ಮುದ್ರಿಸಿಕೊಟ್ಟಿದ್ದೇನೆ. ಉದ್ದೇಶ ಒಳ್ಳೆಯದೇ. ಆದರೆ ಅವುಗಳನ್ನು ಬರೆಯುವ ಕ್ರಮದಲ್ಲಿ ಒಂದು ದೋಷವಿದೆ, ಆ ದೋಷದಲ್ಲಿ ನನ್ನ ಪಾಲೂ ಇದೆ. ಆದ್ದರಿಂದ ಈ ಪತ್ರ.

ನಮ್ಮ ಮನೆತನದ ಜಮೀನಿನ ಒಂದು ತುಂಡನ್ನು ಮಾರುವ ಕೆಲಸಕ್ಕಾಗಿ ಕಳೆದ ಮಳೆಗಾಲದಲ್ಲಿ ಒಂದು ಕಚೇರಿಗೆ ಹೋಗಿದ್ದೆ. ಬಾಗಿಲ ಪಕ್ಕದಲ್ಲೇ ನಾನು ಮುದ್ರಿಸಿದ ಫ್ಲೆಕ್ಸ್ ತೂಗುತ್ತಿತ್ತು. ಈಜುಕೊಳದಲ್ಲಿ ಹಗ್ಗ ಕಟ್ಟಿ ಬೇರ್ಪಡಿಸಿದ ಪಟ್ಟೆಗಳಂತೆ ಅಡ್ಡಲಾಗಿ ಒಂಬತ್ತು ಲೇನ್‌ಗಳು, ಪ್ರತಿ ಲೇನಿನ ಎಡತುದಿಯಲ್ಲಿ ಒಂದು ಹುದ್ದೆಯ ಹೆಸರು, ಒಳಗೆ ಕೆಲಸಗಳ ಪೆಟ್ಟಿಗೆಗಳು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಾಣಗಳು. ನನ್ನ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಬೆರಳಿಟ್ಟು ಬಾಣವನ್ನು ಹಿಂಬಾಲಿಸುತ್ತಿದ್ದರು. ಅದು ಮೂರನೆಯ ಲೇನಿನಿಂದ ಹೊರಟು ನಡುವಿನ ಮೂರನ್ನು ದಾಟಿ ಏಳನೆಯದಕ್ಕೆ ಇಳಿದಾಗ ಬೆರಳನ್ನು ತೆಗೆದು, ‘ತಮಾ, ಇದೆಲ್ಲ ಇದೇ ಆಫೀಸಿನೊಳಗೇ ಆಗ್ತದಾ?’ ಎಂದು ಕೇಳಿದರು. ಚಿತ್ರ ಮುದ್ರಿಸಿದವನಿಗೇ ಉತ್ತರ ಗೊತ್ತಿರಲಿಲ್ಲ.

ಸರ್ವೆ ನಂಬರೊಂದರ ಭಾಗವನ್ನಷ್ಟೇ ಮಾರಬೇಕಾದರೆ ಮೊದಲು ಆ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆ ಬೇಕು. ಅಳತೆ, ತಪಾಸಣೆ, ಭೂದಾಖಲೆಗಳ ಸಹಾಯಕ ನಿರ್ದೇಶಕರ ಅನುಮೋದನೆ ಎಲ್ಲವೂ ಭೂಮಾಪನ ಇಲಾಖೆಯವು. ಕ್ರಯಪತ್ರದ ನೋಂದಣಿ ನೋಂದಣಿ ಇಲಾಖೆಯ ಉಪನೋಂದಣಾಧಿಕಾರಿಯ ಕೆಲಸ. ಆ ಮಾಹಿತಿ ನೋಂದಣಿಯ ಕಾವೇರಿ ತಂತ್ರಾಂಶದಿಂದ ಪಹಣಿಯ ಭೂಮಿ ತಂತ್ರಾಂಶಕ್ಕೆ ಬಂದ ಮೇಲೆ ಮ್ಯುಟೇಶನ್ ಅಂದರೆ ಹಕ್ಕು ಬದಲಾವಣೆಯ ನೋಟಿಸು, ತಕರಾರಿಲ್ಲದಿದ್ದರೆ ಕಂದಾಯ ನಿರೀಕ್ಷಕರ ಮಂಜೂರಾತಿ, ಕೊನೆಗೆ ಪಹಣಿಯಲ್ಲಿ ಹೆಸರು. ಇಷ್ಟು ಕಂದಾಯ ಇಲಾಖೆಗೆ ಸೇರಿದ್ದು. ಅಂದರೆ ಮೂರು ಇಲಾಖೆಗಳು ಮತ್ತು ಅರ್ಜಿದಾರ. ಫ್ಲೆಕ್ಸಿನಲ್ಲಾದರೋ ಒಂಬತ್ತು ಲೇನ್‌ಗಳನ್ನು ಹುದ್ದೆಯ ಹಿರಿತನ ನೋಡಿ ಜೋಡಿಸಲಾಗಿತ್ತು. ಮೇಲೆ ತಹಶೀಲ್ದಾರರು, ಕೆಳಗೆ ಗ್ರಾಮ ಆಡಳಿತಾಧಿಕಾರಿಯ ಪಕ್ಕದಲ್ಲಿ ಭೂಮಾಪಕರು, ಎಲ್ಲರಿಗಿಂತ ಕೆಳಗೆ, ವಾಡಿಕೆಯಂತೆ, ಅರ್ಜಿದಾರ. ಯಾವ ಲೇನ್ ಯಾವ ಇಲಾಖೆಯದು ಎಂಬ ಗುರುತು ಎಲ್ಲಿಯೂ ಇರಲಿಲ್ಲ.

ಇಂಥ ಚಿತ್ರಗಳಿಗೆ ಒಪ್ಪಿತವಾದ ಒಂದು ಕ್ರಮವಿದೆ. ಕೆಲಸದ ಹರಿವನ್ನು ತೋರಿಸುವ ಬಿಪಿಎಂಎನ್ ಎಂಬ ಚಿತ್ರಲಿಪಿಯ ಎರಡನೆಯ ಆವೃತ್ತಿಯನ್ನು ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನಕ ಸಂಸ್ಥೆ 2011ರಲ್ಲಿ ಪ್ರಕಟಿಸಿತು. 2013ರಲ್ಲಿ ಅದು ಅಂತರರಾಷ್ಟ್ರೀಯ ಐಎಸ್ಒ ಮಾನಕವೂ ಆಯಿತು. ಅದರಲ್ಲಿ ಒಂದು ಸಂಸ್ಥೆಗೆ ಸೇರಿದ ಲೇನ್‌ಗಳನ್ನೆಲ್ಲ ಒಂದು ದೊಡ್ಡ ಚೌಕಟ್ಟಿನೊಳಗೆ ಇಡುತ್ತಾರೆ. ಆ ಚೌಕಟ್ಟಿಗೆ ಪೂಲ್ ಎಂದು ಹೆಸರು. ಬೇಕಿದ್ದರೆ ಲೇನಿನೊಳಗೆ ಇನ್ನೊಂದು ಲೇನನ್ನೂ ಇಡಬಹುದು. ಒಂದು ಪೂಲಿನೊಳಗೆ ಕೆಲಸ ಮುಂದುವರಿಯುವುದನ್ನು ಗಟ್ಟಿ ಗೆರೆಯ ಬಾಣ ತೋರಿಸುತ್ತದೆ, ಆದರೆ ಆ ಬಾಣ ಪೂಲಿನ ಗಡಿಯನ್ನು ದಾಟುವಂತಿಲ್ಲ. ಗಡಿ ದಾಟಿ ಹೋಗುವುದು ಕಾಗದ ಅಥವಾ ಸಂದೇಶ ಮಾತ್ರ, ಅದಕ್ಕೆ ತುಂಡುಗೆರೆಯ ಬಾಣ. ನಮ್ಮ ಕಡೆಯ ಅಡಿಕೆ ತೋಟ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತೋಟದೊಳಗಿನ ಕಾದಿಗೆಗಳನ್ನು, ಅಂದರೆ ನೀರು ಬಸಿಯುವ ಕಾಲುವೆಗಳನ್ನು, ದಿನಕ್ಕೆ ಹತ್ತು ಸಲ ದಾಟುತ್ತೇವೆ, ಯಾರನ್ನೂ ಕೇಳುವುದಿಲ್ಲ. ಸುತ್ತಲಿನ ಅಗಳ, ಅಂದರೆ ಗಡಿಯ ಕಂದಕ, ದಾಟಿದರೆ ಅದು ಇನ್ನೊಬ್ಬರ ಜಾಗ. ನಮ್ಮ ಫ್ಲೆಕ್ಸ್‌ಗಳಲ್ಲಿ ಕಾದಿಗೆಯೂ ಅಗಳವೂ ಒಂದೇ ದಪ್ಪದ ಗೆರೆಗಳಾಗಿವೆ.

ಅಗಳ ಕಾಣಿಸುವುದು ಜನರಿಗೆ ಏಕೆ ಮುಖ್ಯವೆಂದರೆ, ಅರ್ಜಿಯ ಗಡುವು ಇಲಾಖೆ ಬದಲಾದಂತೆ ಬದಲಾಗುತ್ತದೆ. 2011ರ ಸಕಾಲ ಕಾಯ್ದೆಯ ಪ್ರಕಾರ ಅದರ ವ್ಯಾಪ್ತಿಯ ಪ್ರತಿ ಸೇವೆಗೂ ನಿಗದಿತ ಅಧಿಕಾರಿ ಮತ್ತು ನಿಗದಿತ ದಿನಗಳಿವೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೇಳುವ ಹಕ್ಕಿದೆ. ನಕ್ಷೆ ತಡವಾಯಿತೆಂದು ಪಹಣಿಯ ಕಿಟಕಿಯಲ್ಲಿ ಜಗಳ ಮಾಡಿ ಫಲವಿಲ್ಲ. ಅರ್ಜಿ ಈಗ ಯಾವ ಚೌಕಟ್ಟಿನೊಳಗಿದೆ ಎಂದು ಗೋಡೆಯ ಚಿತ್ರವೇ ಹೇಳುವಂತಿದ್ದರೆ ಯಾರನ್ನು ಕೇಳಬೇಕೆಂಬುದು ನಿಂತಲ್ಲಿಯೇ ತಿಳಿಯುತ್ತದೆ.

ಇನ್ನು ನನ್ನ ಪಾಲಿನ ತಪ್ಪು. ಅಂದು ಫ್ಲೆಕ್ಸನ್ನು ನಂಬಿ ನಾನು ನಕ್ಷೆಯ ತಪಾಸಣೆಗೆಂದು ಕಂದಾಯ ನಿರೀಕ್ಷಕರನ್ನು ಹುಡುಕಿ ಎರಡು ದಿನ ಕಳೆದೆ, ಏಕೆಂದರೆ ‘ನಕ್ಷೆ ತಪಾಸಣೆ’ ಎಂಬ ಪೆಟ್ಟಿಗೆ ಅವರ ಲೇನಿನಲ್ಲಿತ್ತು. ಅಂಗಡಿಗೆ ಬಂದು ಚಿತ್ರ ಬರೆಯುವ ಕೋರೆಲ್‌ಡ್ರಾ ತಂತ್ರಾಂಶದಲ್ಲಿ ಹಳೆಯ ಫೈಲು ತೆರೆದು ನೋಡಿದಾಗ ಕಾರಣ ಸಿಕ್ಕಿತು. ಮೊದಲು ಎಂಟೇ ಲೇನ್‌ಗಳಿದ್ದವು. ಭೂಮಿ ಕೇಂದ್ರಕ್ಕೊಂದು ಲೇನ್ ಸೇರಿಸಿ ಎಂದು ಕಚೇರಿಯವರು ಹೇಳಿಕಳಿಸಿದಾಗ ಕೆಳಗಿನ ಲೇನ್‌ಗಳ ಗುಂಪನ್ನು ಹಿಡಿದು ಕೆಳಕ್ಕೆ ಸರಿಸಿ ಜಾಗ ಮಾಡಿದ್ದೆ. ಕಂಟ್ರೋಲ್ ಜಿ ಒತ್ತಿ ಮಾಡಿದ ಗುಂಪಿಗೆ, ಆ ಹೊತ್ತಿಗೆ ಆಯ್ಕೆಯಾಗಿದ್ದ ವಸ್ತುಗಳಷ್ಟೇ ಗೊತ್ತು. ‘ನಕ್ಷೆ ತಪಾಸಣೆ’ ಪೆಟ್ಟಿಗೆಯನ್ನು ಗುಂಪು ಮಾಡಿದ ಮೇಲೆ ಬರೆದು ಲೇನಿನ ಮೇಲೆ ಇಟ್ಟಿದ್ದರಿಂದ ಅದು ಕಣ್ಣಿಗೆ ಒಳಗಿದ್ದಂತೆ ಕಂಡರೂ ಗುಂಪಿಗೆ ಸೇರಿರಲಿಲ್ಲ. ಲೇನ್‌ಗಳು ಸರಿದವು, ಪೆಟ್ಟಿಗೆ ಇದ್ದಲ್ಲೇ ಉಳಿದು ಬೇರೆ ಅಧಿಕಾರಿಯ ಪಾಲಾಯಿತು. ಯಾರೂ ಗಮನಿಸಲಿಲ್ಲ, ಸಹಿ ಮಾಡಿದವರೂ.

ಆದ್ದರಿಂದ ಇಂಥ ಚಿತ್ರಗಳನ್ನು ಲೇನ್ ಎಂದರೇನೆಂದು ತಿಳಿದಿರುವ ತಂತ್ರಾಂಶದಲ್ಲಿಯೇ ಬರೆಯಬೇಕು. ಮೈಕ್ರೋಸಾಫ್ಟ್‌ನ ವಿಸಿಯೊದಲ್ಲಿ ಇದಕ್ಕೆಂದೇ ಕ್ರಾಸ್ ಫಂಕ್ಷನಲ್ ಫ್ಲೋಚಾರ್ಟ್ ಎಂಬ ಮಾದರಿಯಿದೆ, ಆದರೆ ಅದನ್ನು ಹಣ ಕೊಟ್ಟು ಕೊಳ್ಳಬೇಕು. ಡ್ರಾ.ಐಒ ಉಚಿತ, ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ, ಮಳೆಗಾಲದ ಶಿರಸಿಯಲ್ಲಿ ಇದು ಸಣ್ಣ ಅನುಕೂಲವಲ್ಲ. ಇವೆರಡರಲ್ಲಿಯೂ ಲೇನ್ ಬರೀ ಆಯತವಲ್ಲ, ಒಂದು ಪಾತ್ರೆ. ಪೆಟ್ಟಿಗೆಯನ್ನು ಎಳೆದು ಲೇನಿನ ಮೇಲೆ ತಂದಾಗ ಲೇನಿನ ಅಂಚು ಬಣ್ಣಗೊಳ್ಳುತ್ತದೆ. ಆಗ ಬಿಟ್ಟರೆ ಪೆಟ್ಟಿಗೆ ಅದಕ್ಕೆ ಸೇರಿತು. ಮುಂದೆ ಲೇನನ್ನು ಎಲ್ಲಿಗೆ ಎಳೆದರೂ ಪೆಟ್ಟಿಗೆಗಳು ಜೊತೆಗೇ ಬರುತ್ತವೆ, ಡ್ರಾ.ಐಒದಲ್ಲಿ ಪೂಲನ್ನು ಎಳೆದರೆ ಲೇನ್‌ಗಳೂ ಬರುತ್ತವೆ. ಬಾಣಗಳ ತುದಿಯನ್ನು ಪೆಟ್ಟಿಗೆಗೆ ಅಂಟಿಸಿದ್ದರೆ ಅವೂ ತಾವಾಗಿ ಬಾಗುತ್ತವೆ. ಲಿಬ್ರೆಆಫೀಸ್ ಡ್ರಾ ಕೂಡ ಉಚಿತವೇ, ಆದರೆ ಅಲ್ಲಿಯ ಗುಂಪು ಕೋರೆಲ್‌ನಂತೆಯೇ. ಎಫ್3 ಒತ್ತಿ ಗುಂಪಿನೊಳಕ್ಕೆ ಹೋಗಿ ಹೊಸ ಪೆಟ್ಟಿಗೆ ಬರೆಯುವ ಅಭ್ಯಾಸವಿಲ್ಲದಿದ್ದರೆ ನನಗಾದದ್ದೇ ಆಗುತ್ತದೆ. ಕಚೇರಿಗಳಿಂದ ಬರುವ ಪಠ್ಯ ಈಗಲೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿರುವುದುಂಟು. ಅದನ್ನು ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ, ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಕಾರವಾರದಲ್ಲಿರುವ ಜಿಲ್ಲಾಡಳಿತದಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ತಾಲ್ಲೂಕಿನ ಪ್ರತಿ ಕಚೇರಿ ತನಗೆ ತೋಚಿದಂತೆ ಚಿತ್ರ ಬರೆಸುವ ಬದಲು ಸೇವೆಗೊಂದರಂತೆ ಮಾದರಿ ಫೈಲು ಸಿದ್ಧಪಡಿಸಿ, ಲೇನ್‌ಗಳನ್ನು ಹಿರಿತನದ ಬದಲು ಇಲಾಖೆಯ ಪ್ರಕಾರ ಪೂಲ್‌ಗಳಲ್ಲಿ ಗುಂಪು ಮಾಡಿಸಬೇಕು. ಪ್ರತಿ ಪೂಲಿನ ತಲೆಯಲ್ಲಿ ಆ ಕಚೇರಿ ಊರಿನ ಯಾವ ಕಟ್ಟಡದಲ್ಲಿದೆ ಎಂಬುದನ್ನು ಬರೆಸಬೇಕು. ಅರ್ಜಿದಾರನ ಲೇನನ್ನು ಮೇಲಕ್ಕೆ ತರಬೇಕು, ಏಕೆಂದರೆ ಗೋಡೆಯ ಮುಂದೆ ನಿಂತು ಓದುವವನು ಅವನೇ. ತಿದ್ದುಪಡಿ ಬಂದಾಗ ಮುದ್ರಣದವರಿಗೆ ಫೋಟೊ ಅಥವಾ ಪಿಡಿಎಫ್ ಕಳಿಸುವ ಬದಲು ಮೂಲ ಫೈಲನ್ನೇ ಕಳಿಸಬೇಕು. ಫೋಟೊ ನೋಡಿ ಮತ್ತೆ ಬರೆಯುವಾಗ ಗುಂಪುಗಳೆಲ್ಲ ಕಳೆದುಹೋಗುತ್ತವೆ.

ಆ ಒಂಬತ್ತು ಲೇನ್‌ಗಳನ್ನು ನಾಲ್ಕು ಪೂಲ್‌ಗಳಾಗಿ ಜೋಡಿಸಿ ಬರೆದ ಹೊಸ ಚಿತ್ರ ನನ್ನಲ್ಲಿ ಸಿದ್ಧವಿದೆ. ಅಧಿಕಾರಿಗಳು ಪರಿಶೀಲಿಸಿ ಒಪ್ಪಿದರೆ ಹಣ ಪಡೆಯದೆ ಮುದ್ರಿಸಿಕೊಡುವುದಾಗಿ ಆ ಕಚೇರಿಗೆ ಲಿಖಿತವಾಗಿ ತಿಳಿಸಿದ್ದೇನೆ. ಸದ್ಯಕ್ಕೆ ಹಳೆಯ ಫ್ಲೆಕ್ಸೇ ಬಾಗಿಲ ಪಕ್ಕದಲ್ಲಿದೆ.

ಇಂತಿ ತಮ್ಮ ಓದುಗ,
ಶಿರಸಿ