ಹೊಡೆಯೋದಾದರೆ ಹೆಸರು ಹೇಳಿ ಹೊಡೆಯಿರಿ

ಸಂಪಾದಕರೇ, ನಮಸ್ಕಾರ.

ಮೊಬೈಲ್ ಆಟಗಳ ಬಗ್ಗೆ ಪತ್ರಿಕೆಗೆ ಬರೆಯುವವರು ಹೆಚ್ಚಾಗಿ ಆಟ ಆಡದವರೇ. ನಾನು ಆಡುವವನು. ವಯಸ್ಸು ಮೂವತ್ತೆಂಟು. ಸೋಮವಾರಪೇಟೆ ಕಡೆ ಸ್ವಲ್ಪ ಕಾಫಿ, ಸ್ವಲ್ಪ ಮೆಣಸು ಇದೆ, ಅದರ ಜೊತೆಗೆ ಈ ಚಟವೂ ಇದೆ. ಹಾಗಾಗಿ ಮಕ್ಕಳ ಕೈಯಿಂದ ಫೋನ್ ಕಿತ್ತುಕೊಳ್ಳಿ ಅನ್ನೋ ಬುದ್ಧಿಮಾತು ಈ ಪತ್ರದಲ್ಲಿ ಸಿಗುವುದಿಲ್ಲ. ನನ್ನ ತಕರಾರು ಬೇರೆ: ಹೊಡೆದವನ ಹೆಸರು ಮುಚ್ಚಿಡುವ ಆಟಗಳ ಬಗ್ಗೆ.

ಈ ಸಲ ಆಟಿ ಹದಿನೆಂಟಕ್ಕೆ, ಅಂದರೆ ನಮ್ಮ ಕಡೆ ಮದ್ದುಸೊಪ್ಪಿನ ಪಾಯಸ ಮಾಡುವ ಮಳೆಗಾಲದ ದಿನ, ಮಡಿಕೇರಿ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಬಿಡದ ಮಳೆ, ಶಾಲೆಗೆ ರಜೆ, ಎಲ್ಲೋ ಮರ ಬಿದ್ದು ಎರಡು ದಿನದಿಂದ ಕರೆಂಟ್ ಇಲ್ಲ. ಅಕ್ಕ ಪಾಯಸಕ್ಕೆ ಮದ್ದುಸೊಪ್ಪು ಬೇಯಿಸುತ್ತಿದ್ದಳು, ಮನೆ ತುಂಬಾ ಅದರದ್ದೇ ವಾಸನೆ. ಆ ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಅಡುಗೆಮನೆ ಕಿಟಕಿಯ ಹತ್ತಿರ ಮಾತ್ರ, ಅದೂ ಒಂದೇ ಕಡ್ಡಿ. ಅಲ್ಲಿ ಅವಳ ಮಗ ಮಣೆ ಹಾಕಿಕೊಂಡು ಕೂತಿದ್ದ. ಹದಿಮೂರು ವರ್ಷದ ಹುಡುಗ, ಮುಖ ಸಪ್ಪೆ. ‘ಮಾವ, ಇಲ್ಲಿ ನೋಡಿ’ ಅಂತ ಫೋನ್ ಕೊಟ್ಟ.

ಐದು ದಿನದ ಹಿಂದೆ ಒಂದು ಆಟ ಶುರು ಮಾಡಿದ್ದನಂತೆ. ನಮ್ಮದೇ ಒಂದು ಚಿಕ್ಕ ಊರು, ಮರದ ಡಿಪೋ, ಹೊಲ, ಗೋಡೌನ್, ಒಂದಿಷ್ಟು ಸೈನಿಕರು. ಇಂಥವು ನೂರಾರಿವೆ, ಹೆಸರು ಬೇಡ. ಹೊಸಬರಿಗೆ ಕೊಡುವ ರಕ್ಷಣೆ ಹಿಂದಿನ ದಿನ ಸಂಜೆ ಮುಗಿದಿತ್ತು. ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ಐದರೊಳಗೆ ಹದಿನೇಳು ದಾಳಿ! ಮರ ಸೊನ್ನೆ, ಕಬ್ಬಿಣ ಸೊನ್ನೆ, ಗೋಧಿ ಸೊನ್ನೆ, ಅವನು ಕಷ್ಟಪಟ್ಟು ಸಾಕಿದ್ದ ಹನ್ನೆರಡು ಈಟಿಯವರೂ ಸತ್ತಿದ್ದರು. ಹೊಡೆದವರು ಯಾರು ಅಂತ ರಿಪೋರ್ಟ್ ತೆಗೆದು ನೋಡಿದರೆ ಹೆಸರು ಇರಬೇಕಾದ ಜಾಗದಲ್ಲಿ ‘ಅಪರಿಚಿತ ಸೇನೆ’ ಅಂತಷ್ಟೇ ಇತ್ತು. ಆ ಆಟದಲ್ಲಿ ದುಡ್ಡು ಕೊಟ್ಟು ಕೊಳ್ಳುವ ವಜ್ರ ಸ್ವಲ್ಪ ಖರ್ಚು ಮಾಡಿದರೆ ಮುಖ ಮುಚ್ಚಿಕೊಂಡು ದಾಳಿ ಮಾಡಬಹುದಂತೆ. ಸಾಲದು ಅಂತ ಒಂದು ಮೆಸೇಜ್ ಬೇರೆ, ಅದಕ್ಕೂ ಹೆಸರಿಲ್ಲ: ಚೆನ್ನಾಗಿ ಬೆಳೆಸು, ನಾಳೆ ಕೊಯ್ಲಿಗೆ ಬರ್ತೀನಿ.

‘ನಾನೇನು ಮಾಡಿದ್ದೆ ಇವರಿಗೆ?’ ಅಂತ ಕೇಳಿದ. ಅಕ್ಕ ಒಲೆ ಮುಂದಿನಿಂದಲೇ ‘ಆ ಹಾಳಾದ್ದನ್ನ ಡಿಲೀಟ್ ಮಾಡು’ ಅಂದಳು.

ನಿಜ ಹೇಳಬೇಕು ಅಂದರೆ, ಹುಡುಗನ ಊರು ಲೂಟಿ ಆಗಿದ್ದಕ್ಕೆ ನನಗೆ ಅಂಥ ಬೇಜಾರೇನೂ ಇಲ್ಲ. ಈ ಜಾತಿಯ ಆಟಗಳು ನಡೆಯೋದೇ ಲೂಟಿಯ ಮೇಲೆ. ನಾವು ಮಲಗಿದ್ದಾಗಲೂ ಆಟ ನಡೆಯುತ್ತಾ ಇರುತ್ತದೆ, ಗೋಡೌನ್ ತುಂಬುತ್ತಾ ಇರುತ್ತದೆ, ಎದ್ದಿರುವವನು ಮಲಗಿದವನದ್ದನ್ನು ಹೊತ್ತುಕೊಂಡು ಹೋಗುತ್ತಾನೆ. ಹೊಸಬರು ಮೊದಲ ವಾರವೇ ಓಡಿಹೋಗಬಾರದು ಅಂತ ಆಟ ಮಾಡುವವರಿಗೂ ಗೊತ್ತು. 2004ರಲ್ಲಿ ಜರ್ಮನಿಯಲ್ಲಿ ಶುರುವಾದ ಟ್ರಾವಿಯನ್‌ನಲ್ಲಿ ಹೊಸಬರಿಗೆ ಕೆಲವು ದಿನ ರಕ್ಷಣೆ ಇರುತ್ತದೆ. ಆಮೇಲೆ ಸಾಮಾನು ಬಚ್ಚಿಡುವುದಕ್ಕೆ ಒಂದು ಗುಂಡಿ ಕಟ್ಟಿಕೊಳ್ಳಬಹುದು, ಅದರಲ್ಲಿ ಇಟ್ಟಷ್ಟು ಉಳಿಯುತ್ತದೆ. ಫಿನ್‌ಲೆಂಡಿನ ಸೂಪರ್‌ಸೆಲ್ 2012ರಲ್ಲಿ ಬಿಟ್ಟ ಕ್ಲ್ಯಾಶ್ ಆಫ್ ಕ್ಲಾನ್ಸ್ ನಮ್ಮ ಕಡೆ ಬಸ್ ಸ್ಟ್ಯಾಂಡ್ ಹುಡುಗರಿಗೂ ಗೊತ್ತು. ಅದರಲ್ಲಿ ಶುರುವಿಗೇ ಮೂರು ದಿನದ ಶೀಲ್ಡ್, ಅಂದರೆ ರಕ್ಷಣೆ, ಕೊಡುತ್ತಾರೆ. ಟೌನ್‌ಹಾಲ್ (ಊರಿನ ಮುಖ್ಯ ಕಟ್ಟಡ) ನಮ್ಮದಕ್ಕಿಂತ ನಾಲ್ಕು ಲೆವೆಲ್ ಕೆಳಗಿರುವವನನ್ನು ಹೊಡೆದರೆ ಮಾಮೂಲಿ ಲೂಟಿಯ ಶೇ 5 ಮಾತ್ರ ಕೈಗೆ ಬರುತ್ತದೆ. ದೊಡ್ಡವನು ಚಿಕ್ಕವನ ಮೇಲೆ ಬಿದ್ದರೆ ಪೆಟ್ರೋಲ್ ಖರ್ಚೂ ಹುಟ್ಟಬಾರದು ಅನ್ನೋ ಲೆಕ್ಕ. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಹೊಡೆದವನ ಹೆಸರು ಕಾಣಿಸುತ್ತದೆ, ಹೇಗೆ ಹೊಡೆದ ಅಂತ ಕೂತು ನೋಡಬಹುದು, ಸೇಡು ತೀರಿಸಿಕೊಳ್ಳೋಕೆ ಒಂದು ಬಟನ್ನೇ ಇತ್ತು.

ನನ್ನ ತಕರಾರು ಹೆಸರಿನ ವಿಷಯಕ್ಕೇ. ಇಷ್ಟು ಯಾಕೆ ಹಿಡಿದುಕೊಂಡಿದ್ದೀನಿ ಅಂದರೆ, ನಾನೂ ಒಂದು ಕಾಲಕ್ಕೆ ಹೊಡೆಯುವವರ ಕಡೆ ನಿಂತವನು.

ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದಾಗ ಟ್ರಾವಿಯನ್ ಆಡುತ್ತಿದ್ದೆ. ಒಂದು ಹಳೇ ಬಿಲ್ ಪುಸ್ತಕದ ಹಿಂದೆ ಹದಿನೈದು ಹೆಸರು ಬರೆದಿಟ್ಟುಕೊಂಡಿದ್ದೆ, ಎಲ್ಲಾ ಹೊಸಬರದ್ದು. ಇವರಿಗೆ ನಮ್ಮ ಭಾಷೆಯಲ್ಲಿ ‘ಫಾರ್ಮ್’ ಅನ್ನುತ್ತಾರೆ. ಬೆಳಿಗ್ಗೆ ಐದಕ್ಕೆ ಅಲಾರಾಂ, ಎದ್ದು ಹದಿನೈದು ಊರಿಗೂ ದಂಡು ಕಳಿಸಿ ಮತ್ತೆ ಮಲಗುವುದು. (ದುಡ್ಡು ಕೊಟ್ಟರೆ ಪಟ್ಟಿ ಆಟದಲ್ಲೇ ಸಿಗುತ್ತದೆ, ನೂರು ಊರಿಗೆ ಒಟ್ಟಿಗೆ ಕಳಿಸಬಹುದು. ನನ್ನ ಹತ್ತಿರ ಆಗ ಮೆಸ್ ಬಿಲ್ಲಿಗೇ ದುಡ್ಡಿರಲಿಲ್ಲ.) ಒಂದು ದಿನ ಅವರಲ್ಲೊಬ್ಬ ಮೆಸೇಜ್ ಹಾಕಿದ: ‘ಅಣ್ಣಾ, ಮೊನ್ನೆ ತಾನೇ ಶುರು ಮಾಡಿದ್ದೀನಿ, ಒಂದು ವಾರ ಬಿಟ್ಟುಬಿಡಿ, ಆಮೇಲೆ ಬೇಕಾದರೆ ಬನ್ನಿ.’ ಓದಿ ನಾಚಿಕೆಯಾಯಿತು. ಬಿಟ್ಟೆ. ಆಮೇಲೆ ನಮ್ಮ ಅಲೈಯನ್ಸಿಗೆ, ಅಂದರೆ ಗುಂಪಿಗೆ, ಸೇರಿಸಿಕೊಂಡೆವು, ಆ ಸುತ್ತಿನ ಆಟ ಮುಗಿಯುವಷ್ಟರಲ್ಲಿ ಅವನ ದಂಡು ನನ್ನದಕ್ಕಿಂತ ದೊಡ್ಡದಾಗಿತ್ತು, ಎರಡು ಸಲ ನನ್ನ ಊರು ಉಳಿಸಿದವನೂ ಅವನೇ. ಹಾಸನದ ಕಡೆಯವನು, ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾನೆ.

ನನ್ನ ಹೆಸರು ಕಾಣಿಸುತ್ತಿತ್ತು ಅಂತ ತಾನೇ ಅವನು ಬರೆದದ್ದು? ‘ಅಪರಿಚಿತ ಸೇನೆ’ಗೆ ಯಾರು ಏನಂತ ಬರೆಯುತ್ತಾರೆ? ಬೇಡಿಕೊಳ್ಳುವುದಕ್ಕೂ ಆಗಲ್ಲ, ಬಯ್ಯುವುದಕ್ಕೂ ಆಗಲ್ಲ, ಪಕ್ಕದ ಊರಿನವನನ್ನು ಕರೆದುಕೊಂಡು ಹೋಗಿ ವಾಪಸ್ ಹೊಡೆಯುವುದಂತೂ ಇಲ್ಲವೇ ಇಲ್ಲ. ಈ ಆಟಗಳಲ್ಲಿ ಕತ್ತಿ ಈಟಿ ಎಲ್ಲಾ ಸುಮ್ನೆ ನೆಪ, ರುಚಿ ಇರೋದು ಮಾತುಕತೆಯಲ್ಲಿ, ಒಪ್ಪಂದದಲ್ಲಿ, ಮಾತು ಕೊಟ್ಟು ತಪ್ಪಿದವನನ್ನು ಆರು ತಿಂಗಳು ನೆನಪಿಟ್ಟುಕೊಳ್ಳುವುದರಲ್ಲಿ. ಹೆಸರು ತೆಗೆದರೆ ಉಳಿಯೋದು ಕಣದಲ್ಲಿ ಒಣಗಿದ ಮೆಣಸನ್ನು ರಾತ್ರಿ ಬಾಚಿಕೊಂಡು ಹೋಗುವ ಕೆಲಸ ಅಷ್ಟೇ. ಮೆಣಸು ಕಳೆದುಕೊಂಡವರಿಗೆ ಗೊತ್ತು, ನಷ್ಟಕ್ಕಿಂತ ಜಾಸ್ತಿ ಕೊರೆಯೋದು ಯಾರು ಅಂತ ತಿಳಿಯದೇ ಇರೋದು. ಆನೆಯಾದರೂ ವಾಸಿ. ಬಾಳೆ ಮುರಿದು ಹೋದರೆ ಬೆಳಿಗ್ಗೆ ಹೆಜ್ಜೆ, ಲದ್ದಿ ನೋಡಿ ಒಂಟಿ ಸಲಗವೋ ಹಿಂಡೋ, ಯಾವ ಕಡೆ ಹೋಯಿತು ಅಂತ ಹೇಳಿಬಿಡುತ್ತೇವೆ.

ನಮ್ಮ ಜಿಲ್ಲೆಯಲ್ಲಿ ಹೊಸಬರು ಸಿಕ್ಕಿದರೆ ಮೊದಲ ಪ್ರಶ್ನೆಯೇ ‘ಯಾರ ಮನೆಯವರು?’ ನಾನು ಕೊಡವನಲ್ಲ, ಆದರೂ ಕೊಡವ ಕುಟುಂಬಗಳ ಹಾಕಿ ಪಂದ್ಯ ನೋಡೋದಕ್ಕೆ ಹೋಗುತ್ತೇನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬ, 2024ರಲ್ಲಿ ನಾಪೋಕ್ಲುವಿನಲ್ಲಿ 360, ಗಿನ್ನೆಸ್ ದಾಖಲೆಗೂ ಹೋಯಿತು. ಅಲ್ಲೂ ಗಟ್ಟಿ ತಂಡದ ಎದುರು ಕಾಲೇಜು ಹುಡುಗರು, ಹೊಟ್ಟೆ ಬಂದ ಚಿಕ್ಕಪ್ಪಂದಿರು ಸೇರಿದ ತಂಡ ಇಳಿಯುತ್ತದೆ, ಗೋಲಿನ ಮೇಲೆ ಗೋಲು ತಿನ್ನುತ್ತದೆ. ಯಾರೂ ಅಳುವುದಿಲ್ಲ. ಯಾವ ಮನೆಯವರು ಹೊಡೆದರು ಅಂತ ಮೈಕಿನಲ್ಲಿ ಕೂಗಿ ಹೇಳುತ್ತಾರೆ, ಸಂಜೆ ಅವರ ಜೊತೆಗೇ ಊಟಕ್ಕೆ ಕೂರಬೇಕು.

ಹಾಗಾದರೆ ಆಟ ಮಾಡುವವರು ಮುಖವಾಡ ಮಾರುವುದು ಯಾಕೆ? ನನ್ನ ಅನುಮಾನ ಇದು: ಮುಖವಾಡಕ್ಕೂ ದುಡ್ಡು, ಅದರಿಂದ ಪೆಟ್ಟು ತಿಂದವನು ಕೊಳ್ಳುವ ರಕ್ಷಣೆಗೂ ದುಡ್ಡು. ಅಳಿಯನ ಫೋನಿನಲ್ಲಿ ಹದಿನೇಳು ರಿಪೋರ್ಟಿನ ಕೆಳಗೆ ಮಿನುಗುತ್ತಾ ಇದ್ದದ್ದು ಎಂಟು ಗಂಟೆಯ ರಕ್ಷಣೆಯ ಜಾಹೀರಾತು. ಪಂಕ್ಚರ್ ಅಂಗಡಿಯವನೇ ರಸ್ತೆಗೆ ಮೊಳೆ ಹಾಕಿದ ಹಾಗಾಯಿತು, ಅಲ್ವಾ?

ಕಾನೂನು ಇದಕ್ಕೆ ಬರುತ್ತದೆ ಅಂತ ಕಾಯೋದರಲ್ಲಿ ಅರ್ಥ ಇಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ತಂದ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ನಿಷೇಧಿಸುತ್ತದೆ. ಅದು ಬೇಕಿತ್ತು, ಸರಿ. ಆದರೆ ಆಟದೊಳಗಿನ ಗೋಧಿ ಕದ್ದವನ ಮೇಲೆ ಪೊಲೀಸರ ಹತ್ತಿರ ಹೋದರೆ ಅವರೂ ನಕ್ಕಾರು, ನಾನೂ ನಕ್ಕೇನು. ಇದನ್ನು ಸರಿ ಮಾಡಬೇಕಾದವರು ಆಟ ಮಾಡುವವರು ಮತ್ತು ನನ್ನಂಥ ಹಳಬರು. ಮುಖವಾಡ ಇರಲೇಬೇಕು ಅಂದರೆ ಸಮಬಲದವರ ನಡುವೆ ಇರಲಿ, ತನಗಿಂತ ತೀರಾ ಚಿಕ್ಕವನನ್ನು ಹೊಡೆಯುವವನ ಹೆಸರು ಕಾಣಲಿ. ಹೆಸರು ಅಂದರೆ ಆಧಾರ್ ಕಾರ್ಡಿನ ಹೆಸರಲ್ಲ. ಮಕ್ಕಳು ನಿಜವಾದ ಹೆಸರು, ಶಾಲೆ, ಫೋಟೋ ಅಲ್ಲಿ ಹಾಕಲೇಬಾರದು. ಆಟದಲ್ಲಿ ಇಟ್ಟುಕೊಂಡ ಹೆಸರು ಸಾಕು, ಅದು ದಿನಕ್ಕೊಂದು ಬದಲಾಗಬಾರದು ಅಷ್ಟೇ.

ಇಷ್ಟು ಬರೆದು ನೀವೇ ಹೆಸರು ಹಾಕಿಲ್ಲವಲ್ಲ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹೆಸರು, ವಿಳಾಸ, ಫೋನ್ ನಂಬರ್ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಅಚ್ಚು ಹಾಕಬೇಡಿ ಅಂದದ್ದು ಹುಡುಗನ ಸಲುವಾಗಿ, ಹದಿನೇಳು ದಾಳಿಯ ಕಥೆ ಅವನ ಕ್ಲಾಸಿಗೆ ಗೊತ್ತಾದರೆ ಅದು ಹದಿನೆಂಟನೆಯದು.

ಅವನು ಆಟ ಡಿಲೀಟ್ ಮಾಡಿಲ್ಲ. ಅವತ್ತೇ ಪವರ್ ಬ್ಯಾಂಕಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಇಬ್ಬರೂ ಕೂತು ಮೊದಲು ಬಚ್ಚಿಡುವ ಗುಂಡಿ ದೊಡ್ಡದು ಮಾಡಿದೆವು. ಆಮೇಲೆ ಅಕ್ಕಪಕ್ಕದ ಆರು ಊರಿನವರಿಗೂ ಒಂದೊಂದು ಮೆಸೇಜ್ ಹಾಕಿಸಿದೆ: ಹೊಸಬ, ರಾತ್ರಿ ಲೂಟಿಯಾಗಿದೆ, ಜೊತೆಗೆ ಸೇರಿಸಿಕೊಳ್ಳುತ್ತೀರಾ. ಮೂರು ದಿನ ಯಾರೂ ಮಾತಾಡಲಿಲ್ಲ. ಮೊನ್ನೆ ಅಕ್ಕನ ಫೋನಿನಿಂದ ಕರೆ ಮಾಡಿದ. ಒಬ್ಬ ಉತ್ತರ ಬರೆದಿದ್ದಾನಂತೆ, ಅದೂ ಕನ್ನಡದಲ್ಲಿ: ‘ಯಾವೂರಪ್ಪ ನಿಂದು?’ ಏನು ಬರೆಯಲಿ ಮಾವ ಅಂದ. ಜಿಲ್ಲೆ ಹೇಳು, ಅದಕ್ಕಿಂತ ಜಾಸ್ತಿ ಬೇಡ ಅಂದೆ. ‘ಕೊಡಗು, ಇಲ್ಲಿ ಮಳೆ’ ಅಂತ ಬರೆದು ಕಳಿಸಿದನಂತೆ.

ಇಂತಿ,
ಒಬ್ಬ ಓದುಗ, ಸೋಮವಾರಪೇಟೆ ತಾಲ್ಲೂಕು