ಆ ಬೀಸಣಿಗೆ ಅಜ್ಜಿ ಬಂದರಾ?

ಹೊನ್ನಾವರ
ಆಗಸ್ಟ್ 28

ಪ್ರೀತಿಯ ಪುಟ್ಟಿ,

ಮೆಕ್ಸಿಕೊದ ಪುವೆರ್ತೊ ವಯ್ಯಾರ್ತಾದಿಂದ ನಿನ್ನ ಪತ್ರ ಬಂದು ಆರು ದಿನವಾಯಿತು. ಫೋನಿನಲ್ಲೇ ಬಂದರೂ ನನಗೆ ಅದು ಪತ್ರವೇ, ಅಷ್ಟುದ್ದ ಬರೆದಿದ್ದೀಯ. ಕೆಲಸ, ಬಾಡಿಗೆ, ವೀಸಾ, ಇದೆಲ್ಲ ನೀನು ನಿನ್ನ ಅಪ್ಪನ ಹತ್ತಿರ ಮಾತಾಡಿ ಮುಗಿಸಿದ್ದು. ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ನಡುವೆ ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀಯಲ್ಲ, ನನ್ನನ್ನು ಕೂರಲು ಬಿಡದೇ ಇರುವುದು ಅದು. "ದೊಡ್ಡಮ್ಮ, ನಾನು ಒಂದು ವಾರ ಕಾಣದೇ ಹೋದರೂ ಈ ಊರಲ್ಲಿ ಯಾರೂ ಕೇಳುವುದಿಲ್ಲ."

ಆಮೇಲೆ ಮಳೆ, ಸೆಕೆ, ಸಂಜೆ ಗಾಡಿಯ ಜೋಳ ಅಂತ ಏನೇನೋ ಬರೆದೆ. ಎಲ್ಲ ಓದಿದೆ. ಓದಿ ಮುಗಿಸಿ ಮತ್ತೆ ಆ ಸಾಲಿಗೇ ಬಂದೆ. ಮೊನ್ನೆ ಅವಲಕ್ಕಿಗೆ ಒಗ್ಗರಣೆ ಇಟ್ಟು ಸಾಸಿವೆ ಸೀದುಹೋಗುವವರೆಗೂ ಅದನ್ನೇ ಯೋಚಿಸುತ್ತಿದ್ದೆ. ನಿನ್ನ ಸಂಜೆ ಏಳು ಗಂಟೆ ಅಂದರೆ ನಮಗೆ ಬೆಳಗ್ಗೆ ಆರೂವರೆ. ಚಹಾಕ್ಕೆ ನೀರಿಡುವಾಗ, ಈಗ ಅವಳು ಆ ಚೌಕದ ಬೆಂಚಿನ ಮೇಲೆ ಒಬ್ಬಳೇ ಕೂತಿರುತ್ತಾಳೆ ಅಂತ ದಿನವೂ ಅನ್ನಿಸುತ್ತದೆ.

ನೀನು ಇಷ್ಟು ದಿನ ಕಳಿಸಿದ ಫೋಟೋಗಳನ್ನು ಮೊನ್ನೆ ಒಟ್ಟಿಗೆ ತೆಗೆದು ನೋಡಿದೆ. ಕಡಲಕುದುರೆ ಮೇಲೆ ಕೂತ ಹುಡುಗನ ಮೂರ್ತಿ ಇದೆ. ಎರಡು ಆಕೃತಿಗಳು ಹತ್ತುತ್ತಿರುವ ಆ ಏಣಿ ಇದೆ. ಸಮುದ್ರಕ್ಕೆ ಮುಖ ಮಾಡಿ ನಿಂತ ಕಲ್ಲಿನ ಕಮಾನುಗಳಿವೆ, ಸೂರ್ಯ ಮುಳುಗುವುದಂತೂ ಹತ್ತು ಸಲ ಇದೆ. ಚೆಂದ ಇದೆ ವಯ್ಯಾರ್ತಾ, ಇಲ್ಲ ಅನ್ನುವುದಿಲ್ಲ. ಆದರೆ ಒಂದರಲ್ಲೂ ನಿನ್ನ ಪಕ್ಕ ನಿಂತವರು ಯಾರೂ ಇಲ್ಲ ಮಗಾ. ಕಂಬದ ತುದಿಯಿಂದ ಹಗ್ಗ ಕಟ್ಟಿಕೊಂಡು ತಲೆಕೆಳಗಾಗಿ ಸುತ್ತುತ್ತ ಇಳಿಯುವ ಆ ನಾಲ್ವರ ವಿಡಿಯೋ ನೋಡಿ ನನ್ನ ಎದೆ ಧಸಕ್ಕೆಂದಿತು. ಒಬ್ಬೊಬ್ಬರೂ 13 ಸುತ್ತು, ನಾಲ್ವರದ್ದು ಸೇರಿ 52 ಅಂತ ಲೆಕ್ಕ ಬೇರೆ ಬರೆದಿದ್ದೆ. ಆ ಸುತ್ತು ಎಣಿಸುವಾಗ ಪಕ್ಕದಲ್ಲಿ ನಿಂತವರ ಹತ್ತಿರ ಒಂದು ಮಾತಾದರೂ ಆಡಿದೆಯಾ?

ಬಯ್ಯುತ್ತಿಲ್ಲ. ಬಯ್ಯುವ ಹಕ್ಕು ನನಗಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ ಚೌಕದ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಹಿಂದೆ ಕಿರೀಟ ಇಟ್ಟ ಹಾಗಿರುವ ಇಗರ್ಜಿಯ ಗೋಪುರ, ಮಂಟಪದಲ್ಲಿ ವಾದ್ಯದವರು, ಕೆಳಗೆ ಮುದುಕ ಮುದುಕಿಯರ ಜೋಡಿಗಳು. ಬಿಳಿ ಬೂಟು ಹಾಕಿದ ಒಬ್ಬ ತಾತ ಒಂದು ಚೂರೂ ಆತುರವಿಲ್ಲದೆ, ನೆಲಕ್ಕೆ ನೋವಾಗದ ಹಾಗೆ ಹೆಜ್ಜೆ ಇಡುತ್ತಾರೆ. ನಡುವೆ ಎಲ್ಲರೂ ಒಮ್ಮೆಲೇ ನಿಂತುಬಿಟ್ಟರು. ಮುಗಿಯಿತು ಅಂದುಕೊಂಡೆ. ನೋಡಿದರೆ ವಾದ್ಯ ನಿಂತಿಲ್ಲ. ಆಮೇಲೆ ನೀನೇ ಬರೆದೆಯಲ್ಲ, ಇದು ದಾನ್ಸೊನ್, ಮೊದಲು ಹುಟ್ಟಿದ್ದು ಕ್ಯೂಬಾದಲ್ಲಿ 1879ರಲ್ಲಿ, ಅಲ್ಲಿಂದ ವೆರಾಕ್ರುಸ್ ಬಂದರಿಗೆ ಬಂದು ಮೆಕ್ಸಿಕೊದವರದ್ದೇ ಆಯಿತು, ಇದರಲ್ಲಿ ನಿಲ್ಲುವುದೂ ಕುಣಿತದ ಭಾಗವೇ ಅಂತ. ಪಲ್ಲವಿ ತಿರುಗಿ ಬಂದಾಗಲೆಲ್ಲ ಜೋಡಿಗಳು ನಿಂತು, ವಾದ್ಯದವರ ಕಡೆ ತಿರುಗಿ, ಹೆಂಗಸರು ಬೀಸಣಿಗೆ ಬೀಸಿಕೊಂಡು, ಪಿಸುಪಿಸು ಮಾತಾಡಿ, ಮತ್ತೆ ತಾಳದ ಆ ಒಂದು ಪೆಟ್ಟಿಗೆ ಕಾದು ಒಟ್ಟಿಗೆ ಹೊರಡುತ್ತಾರೆ. ನಮ್ಮ ಆಟದಲ್ಲಿ ಪದ ಮುಗಿದು ಮಾತು ಶುರುವಾಗುವ ಮುಂಚೆ ವೇಷಧಾರಿ ಭಾಗವತರ ಕಡೆ ತಿರುಗಿ ನಿಲ್ಲುತ್ತಾನಲ್ಲ, ನನಗೆ ಅದು ನೆನಪಾಯಿತು.

ವಿಡಿಯೋದ ಕೊನೆಗೆ ಏನಿದೆ ಗೊತ್ತಾ? ನೀನು ಗಮನಿಸಿರಲಿಕ್ಕಿಲ್ಲ, ನೀನು ಕುಣಿಯುವವರನ್ನು ನೋಡುತ್ತಿದ್ದೆ. ಎಡಗಡೆ ಅಂಚಿನಲ್ಲಿ ಹಸಿರು ಬೀಸಣಿಗೆ ಹಿಡಿದ ಒಬ್ಬರು ಅಜ್ಜಿ ಕೂತಿದ್ದಾರೆ. ಅವರ ಬಟ್ಟೆ ಚೀಲ ಬೆಂಚಿನ ಮೇಲಿದೆ. ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು, ನಿನ್ನ ಕಡೆ ಒಮ್ಮೆ ನೋಡಿದರು. ವಿಡಿಯೋ ಅಲ್ಲಿಗೆ ನಿಂತಿದೆ. ನೀನು ನಿಂತೇ ಇದ್ದೆಯಾ? ಕೂತೆಯಾ? ಆ ಜಾಗ ಅವರು ಮಾಡಿದ್ದು ನಿನಗೇ ಅಲ್ವಾ?

ಈಗ ನನ್ನ ಕತೆ. ಪೋರ್‌ಬಂದರಿನಲ್ಲಿ ನಾವು ಮೂರು ವರ್ಷ ಇದ್ದೆವು ಅಂತ ನಿಮಗೆಲ್ಲ ಗೊತ್ತು. ಅಲ್ಲಿಯ ಸಮುದ್ರ, ಅಲ್ಲಿಯ ಖಾಜಲಿ ಅನ್ನುವ ತಿಂಡಿ, ಗಾಂಧಿ ಹುಟ್ಟಿದ ಮನೆ, ಇಷ್ಟನ್ನೇ ನಾನು ಹೇಳಿದ್ದು. ಉಳಿದದ್ದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

1984ರಲ್ಲಿ ಹೋದೆವು. ನನಗೆ ಇಪ್ಪತ್ತಮೂರು. ದೊಡ್ಡಪ್ಪ ಬೆಳಗ್ಗೆ ಬಂದರಿಗೆ ಹೋದರೆ ರಾತ್ರಿಯೇ ಬರುವುದು. ಮೇಲಿನ ಮನೆ ನಮ್ಮದು, ಕೆಳಗೆ ಮನೆ ಮಾಲೀಕರದ್ದು, ಈರುಳ್ಳಿಯನ್ನೂ ತಿನ್ನದವರು. ನಾವೋ ಬಂಗಡೆ ಇಲ್ಲದೆ ಊಟ ಇಳಿಯದವರು. ಯಾರೂ ನನಗೆ ಬೇಡ ಅಂದಿರಲಿಲ್ಲ. ನಾನೇ ಹೆದರಿ, ಮೀನು ಹುರಿಯುವಾಗ ಕಿಟಕಿ ಹಾಕಿ, ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ಇಡುತ್ತಿದ್ದೆ. ಮೊದಮೊದಲು ಹುರಿಯುವಾಗ ಮಾತ್ರ. ಆಮೇಲೆ ವಾಸನೆ ಹೋಗಲಿ ಅಂತ ಸಂಜೆವರೆಗೆ. ಆಮೇಲೆ ಸುಮ್ನೆ, ಇಡೀ ದಿನ.

ನವರಾತ್ರಿ ಬಂತು. ಓಣಿಯ ನಡುವೆ ತೂತು ತೂತಿನ ಮಣ್ಣಿನ ಮಡಕೆ ಇಟ್ಟು ಒಳಗೆ ದೀಪ ಹಚ್ಚಿದರು. ಸುತ್ತ ಹೆಂಗಸರು ಚಪ್ಪಾಳೆ ತಟ್ಟಿಕೊಂಡು ಸುತ್ತುವುದು. ಕೆಳಮನೆಯ ಬೆನ್ ಮೊದಲ ರಾತ್ರಿ ಮೆಟ್ಟಿಲು ಹತ್ತಿ ಬಂದು ಕರೆದರು, "ಆವೋ ಬೆನ್, ಗರಬಾ ರಮವಾ ಆವೋ." ಬನ್ನಿ ಅಕ್ಕಾ, ಗರಬಾ ಆಡಲು ಬನ್ನಿ ಅಂತ. ಅಲ್ಲಿ ಹೆಂಗಸರನ್ನು ಬೆನ್, ಅಂದರೆ ಅಕ್ಕ, ಅಂತ ಕರೆಯುವುದು. ಗರಬಾವನ್ನು ಅವರು ಆಡುವುದು ಅನ್ನುತ್ತಾರೆ, ನಾವು ಯಕ್ಷಗಾನಕ್ಕೆ ಆಟ ಅನ್ನುವ ಹಾಗೆ. ನಾನು ತಲೆನೋವು ಅಂದೆ. ಎರಡನೇ ರಾತ್ರಿಯೂ ಬಂದರು. ಮೂರನೇ ರಾತ್ರಿ ಕೆಳಗಿನಿಂದಲೇ ಕೂಗಿದರು. ನಾಲ್ಕನೇ ರಾತ್ರಿ ಕೂಗಲಿಲ್ಲ. ನಾನು ಬಾಲ್ಕನಿಯ ಕತ್ತಲಲ್ಲಿ ನಿಂತು ಒಂಬತ್ತು ರಾತ್ರಿಯೂ ನೋಡಿದೆ. ಎರಡು ಚಪ್ಪಾಳೆ ಯಾವಾಗ, ಮೂರು ಯಾವಾಗ, ಎಲ್ಲ ನನಗೆ ಬಾಯಿಪಾಠ ಆಗಿತ್ತು. ಕತ್ತಲಲ್ಲಿ ನನ್ನ ಕೈ ತಾನಾಗಿ ತಟ್ಟುತ್ತಿತ್ತು, ಸದ್ದಾಗದ ಹಾಗೆ.

ನಿನ್ನ ಸಾಲು ಓದಿದಾಗ ನನಗೆ ಆ ಬಾಲ್ಕನಿಯ ಕಂಬಿ ಕೈಗೆ ತಣ್ಣಗೆ ತಾಗಿದ ಹಾಗಾಯಿತು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಎರಡನೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೆಳಗಿನಿಂದ ಬೆನ್ ಅವರ ದನಿ ಕೇಳುವುದು ನಿಂತಿತು. ಬೆಳಗ್ಗೆ ಅಂಗಳದಲ್ಲಿ ಪಾತ್ರೆ ತಿಕ್ಕುವ ಸದ್ದಿಲ್ಲ. ನನಗೆ ಗೊತ್ತಾಯಿತು, ಮೊದಲನೇ ದಿನವೇ ಗೊತ್ತಾಯಿತು. ತವರಿಗೆ ಹೋಗಿರಬೇಕು ಅಂದುಕೊಂಡೆ. ಇಳಿದು ಹೋಗಿ ಕೇಳಲು ಹದಿನಾಲ್ಕು ಮೆಟ್ಟಿಲು. ಭಾಷೆ ಬರುವುದಿಲ್ಲ, ಏನಂತ ಕೇಳಲಿ, ಕೇಳಿದರೆ ಏನು ತಿಳಿದುಕೊಳ್ಳುತ್ತಾರೋ ಅಂತ ಕೇಳಲಿಲ್ಲ. ಮೂರು ವಾರದ ಮೇಲೆ ಬಂದರು, ಬಳೆ ಮೊಣಕೈವರೆಗೆ ಜಾರುವಷ್ಟು ಸಣ್ಣಗಾಗಿದ್ದರು. ಟೈಫಾಯ್ಡ್. ಆಸ್ಪತ್ರೆಯಲ್ಲಿದ್ದರಂತೆ. ಮೆಟ್ಟಿಲ ಹತ್ತಿರ ನನ್ನನ್ನು ನೋಡಿ ಅವರೇ ಮೊದಲು ಕೇಳಿದರು, "ಕೇಮ್ ಛೋ ಬೆನ್?" ಹೇಗಿದ್ದೀರಿ ಅಂತ. ನಾನು ನಕ್ಕು ಮೇಲೆ ಹತ್ತಿದೆ.

ನನ್ನನ್ನು ಯಾರೂ ಕೇಳುವುದಿಲ್ಲ ಅಂತ ಮೂರು ವರ್ಷ ಅತ್ತಿದ್ದೇನೆ ಮಗಾ. ಕೇಳದೇ ಇದ್ದವಳು ನಾನು. ಇದು ನನಗೆ ಅರ್ಥವಾಗುವ ಹೊತ್ತಿಗೆ ನಾವು ಊರು ಬಿಟ್ಟು ಬಹಳ ವರ್ಷ ಆಗಿತ್ತು.

ಇಷ್ಟು ಬರೆದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ನಿನಗೆ ಏನು ಹೇಳಲಿ? ನಾನು ಆ ಊರು ನೋಡಿದವಳಲ್ಲ. ನೀನು ಬರೆದದ್ದನ್ನೇ ನಿನಗೆ ತಿರುಗಿ ಹೇಳುವ ಹಾಗಾಗುತ್ತದೆ. ಅಂಗಡಿ ಒಳಗೆ ಹೋದರೆ ಮೊದಲು "ಬುವೆನಾಸ್ ತಾರ್ದೆಸ್", ಅಂದರೆ ಶುಭ ಮಧ್ಯಾಹ್ನ, ಅನ್ನಬೇಕು, ಊಟ ಮಾಡುತ್ತಿರುವವರ ಪಕ್ಕ ಹಾದುಹೋಗುವಾಗ ಗುರುತಿಲ್ಲದಿದ್ದರೂ "ಪ್ರೊವೆಚೊ", ಊಟ ಚೆನ್ನಾಗಿ ಆಗಲಿ, ಅನ್ನುತ್ತಾರೆ ಅಂತ ಬರೆದಿದ್ದೆ. ಅದನ್ನು ನೀನೂ ಅನ್ನುತ್ತೀಯಾ, ಬರೀ ಕೇಳಿಸಿಕೊಳ್ಳುತ್ತೀಯಾ? ಅನ್ನು. ತಪ್ಪಾದರೂ ಅನ್ನು. ದಿನಕ್ಕೊಂದು ಅಂಗಡಿ ಬೇಡ, ಒಂದೇ ಅಂಗಡಿಗೆ ಹೋಗು, ಒಂದೇ ಹೊತ್ತಿಗೆ. ತೂಬಾ ಕುಡಿಯುವುದಿದ್ದರೂ ಸಮುದ್ರದ ಪಕ್ಕ ನಡೆಯುವ ಆ ಮಲೆಕೋನ್ ದಂಡೆಯಲ್ಲಿ ಆ ಸೋರೆ ಬುರುಡೆ ಹೊತ್ತವನ ಹತ್ತಿರವೇ ಕುಡಿ. ತೆಂಗಿನ ನೀರಾಕ್ಕೆ ಸೇಬು, ಶೇಂಗಾ ಹಾಕಿ ಕೊಡುತ್ತಾರೆ ಅಂದಾಗ ನಿನ್ನ ದೊಡ್ಡಪ್ಪ ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದರು. ಅದನ್ನು ಅಲ್ಲಿಗೆ ತಂದವರು ಫಿಲಿಪೀನ್ಸ್‌ನಿಂದ ಹಡಗಿನಲ್ಲಿ ಬಂದವರಂತೆ, ನಾನೂರು ವರ್ಷದ ಹಿಂದೆ. ಹುಳಿ ಬಂದದ್ದನ್ನು ಮಾತ್ರ ಕುಡಿಯಬೇಡ, ಅದು ಕಳ್ಳೇ. ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ.

ಪಕ್ಕದ ಮನೆಯವರು ಭಾನುವಾರ ಅಂಗಳದಲ್ಲಿ ಲೊತೆರಿಯಾ ಆಡುತ್ತಾರೆ, ಕೂಗುವವನ ದನಿ ನನ್ನ ಕೋಣೆಗೆ ಕೇಳುತ್ತದೆ ಅಂದಿದ್ದೆ. ಕೋಳಿಹುಂಜ, ಮತ್ಸ್ಯಕನ್ಯೆ, ಚಂದ್ರ ಅಂತ 54 ಚಿತ್ರದ ಎಲೆ, ಕೂಗಿದ ಚಿತ್ರದ ಮೇಲೆ ಬೀನ್ಸ್ ಕಾಳು ಇಡುವುದು, ಅಷ್ಟೇ ಅಲ್ವಾ? ನಮ್ಮ ಹೌಸಿಯ ಹಾಗೆ, ಅಂಕಿ ಬದಲು ಚಿತ್ರ. ಭಾಷೆ ಬಾರದವರಿಗೆ ಇದಕ್ಕಿಂತ ಸುಲಭದ ಆಟ ನನಗಂತೂ ತೋಚುವುದಿಲ್ಲ. ಚಿತ್ರ ಕಣ್ಣೆದುರೇ ಇರುತ್ತದೆ, ಹೆಸರು ಕಿವಿಗೆ ಬೀಳುತ್ತದೆ. ಒಂದು ಡಬ್ಬಿಯಲ್ಲಿ ಏನಾದರೂ ಮಾಡಿಕೊಂಡು ಹೋಗು. ಮಾವಿನಕಾಯಿಗೆ ಅವರೂ ಉಪ್ಪು ಖಾರ ಹಾಕಿಯೇ ತಿನ್ನುತ್ತಾರೆ, ನಿನ್ನ ಕೈಯ ಅಪ್ಪೆಮಿಡಿ ಉಪ್ಪಿನಕಾಯಿ ಬೇಡ ಅನ್ನಲಾರರು. ನಾನು ಆಗ ಬಾಗಿಲು ತೆರೆದು ಬೆನ್ ಅವರಿಗೆ ಒಂದು ಬಟ್ಟಲು ಪಾಯಸವಾದರೂ ಕೊಡಬಹುದಿತ್ತು. ಅದರಲ್ಲಿ ಮೀನು ಇರಲಿಲ್ಲವಲ್ಲ.

ಸಮುದ್ರಕ್ಕೆ ಕೆಂಪು ಬಾವುಟ ಹಾಕಿದ ದಿನ ಇಳಿಯಬೇಡ. ಸಮುದ್ರದ ದಂಡೆಯಲ್ಲಿ ಹುಟ್ಟಿದವಳಿಗೆ ಹೇಳಬೇಕಾಗಿಲ್ಲ, ಆದರೂ.

ಈ ಮಳೆ ತಿಂಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಅಲ್ಲಿ ಮೊಟ್ಟೆ ಇಡುತ್ತವೆ, ಸಂಜೆ ಮರಿಗಳನ್ನು ಸಮುದ್ರಕ್ಕೆ ಬಿಡಲು ಊರವರೂ ಸೇರುತ್ತಾರೆ ಅಂತ ಕೇಳಿ ಮೈ ಜುಮ್ಮೆಂದಿತು. ಅದೇ ಜಾತಿ ಆಮೆ ನಮ್ಮ ಕಾಸರಕೋಡು ಟೊಂಕದ ಮರಳಿಗೂ ಬರುತ್ತದೆ, ಚಳಿಗಾಲದಲ್ಲಿ. ಅಲ್ಲಿ ನೋಡಲು ಹೋಗಬೇಡ, ಕೆಲಸಕ್ಕೆ ಹೋಗು. ಗೂಡಿನ ಮರಳು ತೋಡಲು, ಎಣಿಸಲು ಕೈ ಬೇಕಾಗಿಯೇ ಇರುತ್ತದೆ. ಕೆಲಸ ಮಾಡುವ ಕೈಗೆ ಮಾತು ಜಾಸ್ತಿ ಬೇಕಾಗುವುದಿಲ್ಲ. ಸೊಳ್ಳೆಗೆ ಹಚ್ಚಿಕೊಂಡ ಕ್ರೀಮಿನ ಕೈಯಲ್ಲಿ ಮರಿ ಮುಟ್ಟಬೇಡ, ಫೋನಿನ ದೀಪ ಹಾಕಬೇಡ.

ಸೆಪ್ಟೆಂಬರ್ 15ರ ರಾತ್ರಿ ಇಡೀ ಊರು ಆ ಚೌಕಕ್ಕೆ ಬಂದು ಸ್ವಾತಂತ್ರ್ಯದ ಕೂಗು ಹಾಕುತ್ತದೆ, ಡಿಸೆಂಬರ್ 1ರಿಂದ 12ರವರೆಗೆ ದಿನವೂ ಗ್ವಾದಲೂಪೆ ಮಾತೆಯ ಇಗರ್ಜಿಗೆ ಮೆರವಣಿಗೆ, ಅಂಗಡಿಯವರು, ಹೋಟೆಲಿನವರು, ಎಲ್ಲರೂ ತಮ್ಮ ತಮ್ಮ ಗುಂಪು ಕಟ್ಟಿಕೊಂಡು ನಡೆಯುತ್ತಾರೆ ಅಂತ ಹೋದ ವರ್ಷ ಬರೆದಿದ್ದೆ. ಈ ವರ್ಷ ಯಾರ ಗುಂಪಿನಲ್ಲಾದರೂ ನಡೆ. ನೀನು ಜೋಳ ಕೊಳ್ಳುವ ಗಾಡಿಯವಳ ಗುಂಪಾದರೂ ಸರಿ. ನಮ್ಮ ದೇವರು ಕೋಪಿಸಿಕೊಳ್ಳುವುದಿಲ್ಲ. ತೇರು ಎಳೆಯುವಾಗ ಹಗ್ಗಕ್ಕೆ ಕೈ ಹಚ್ಚಿದವರ ಜಾತಿ ಯಾರು ಕೇಳಿದ್ದಾರೆ?

ಇದನ್ನೆಲ್ಲ ಬರೆದೂ ನನಗೆ ಸಮಾಧಾನವಿಲ್ಲ. ಹೊರಗಿನವರ ಕಾಲ ನವೆಂಬರಿಗೆ ಶುರುವಾಗುತ್ತದೆ ಅಂದಿದ್ದೆ. ಅಂದರೆ ಈಗ ಆ ಚೌಕದಲ್ಲಿ ಇರುವವರು ಹೆಚ್ಚಾಗಿ ಊರವರೇ. ನೀನೂ ಅಲ್ಲೇ ಇದ್ದೀಯ, ಮಳೆ ಬಂದಾಗ ಅವರ ಜೊತೆ ಕಮಾನಿನ ಕೆಳಗೆ ಓಡುತ್ತೀಯ. ಅವರಿಗೆ ನಿನ್ನ ಮುಖ ಗೊತ್ತಿಲ್ಲ ಅಂತ ಹೇಗೆ ಹೇಳುತ್ತೀಯ?

ನಿನ್ನ ಪತ್ರದ ಕೊನೆಯ ಪುಟಕ್ಕೆ ಬರುತ್ತೇನೆ. ಅಲ್ಲಿ ಇನ್ನೊಂದು ಸಾಲಿದೆ, ಅದನ್ನು ನಾನು ನಿನ್ನೆಯವರೆಗೂ ಸರಿಯಾಗಿ ಓದಿರಲಿಲ್ಲ. "ಈ ವಾರ ದಾನ್ಸೊನಿನ ಎರಡೂ ಸಂಜೆ ಬೀಸಣಿಗೆ ಅಜ್ಜಿ ಬಂದಿರಲಿಲ್ಲ, ಬೆಂಚು ಖಾಲಿ ಇತ್ತು." ಖಾಲಿ ಬೆಂಚಿಗೆ ನೀನು ಖುಷಿಪಟ್ಟೆಯೋ, ನಿನಗೆ ಏನೋ ಅನ್ನಿಸಿತೋ, ಬರೆದಿಲ್ಲ. ನೀನು ಗಮನಿಸಿದ್ದಂತೂ ಹೌದು. ಕೇಳಿದೆಯಾ?

ಕೇಳಿರುವುದಿಲ್ಲ. ನನಗೆ ಗೊತ್ತು.

ಪಕ್ಕದ ಮನೆ ಹುಡುಗನನ್ನು ಕೂರಿಸಿಕೊಂಡು ಫೋನಿನಲ್ಲಿ ಹುಡುಕಿಸಿದೆ. ಬೀಸಣಿಗೆಗೆ "ಅಬಾನಿಕೊ" ಅನ್ನುತ್ತಾರಂತೆ. "ಲಾ ಸೆನ್ಯೋರಾ ದೆಲ್ ಅಬಾನಿಕೊ" ಅಂದರೆ ಬೀಸಣಿಗೆಯ ಅಮ್ಮ. ನಿನಗೆ ನನಗಿಂತ ಚೆನ್ನಾಗಿ ಬರುತ್ತದೆ, ಆದರೂ ಬರೆದಿಡುತ್ತಿದ್ದೇನೆ. ಮುಂದಿನ ಸಲ ವಾದ್ಯ ನಿಲ್ಲದೆ ಎಲ್ಲರೂ ನಿಲ್ಲುತ್ತಾರಲ್ಲ, ಆ ಹೊತ್ತಿನಲ್ಲಿ ಬಿಳಿ ಬೂಟಿನ ತಾತನ ಹತ್ತಿರ ಹೋಗಿ ಕೇಳು. ಅವರಿಗೆ ಗೊತ್ತಿರುತ್ತದೆ. ಮನೆಯಲ್ಲಿ ಹುಷಾರಿಲ್ಲದೆ ಮಲಗಿದ್ದಾರೆ ಅಂದರೆ ಮನೆ ಎಲ್ಲಿ ಅಂತಲೂ ಕೇಳು. ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗು, ಬಾಗಿಲಲ್ಲಿ ಐದು ನಿಮಿಷ ನಿಂತರೂ ಸಾಕು.

ಅವರ ಹೆಸರೇನು ಅಂತ ನನಗೆ ಬರೆ. ಬೆನ್ ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ನಿನ್ನ,
ದೊಡ್ಡಮ್ಮ